ಯಾವ ಮನೆ ಎಂದು ಕೇಳದ ಬಾಗಿಲು

ಶುಕ್ರವಾರ ಸಂಜೆ ಐದೂವರೆ ಗಂಟೆಗೆ ಕೆಳಕೇರಿಯ ಬಾಗಿಲುಗಳೆಲ್ಲ ತಾವಾಗಿಯೇ ಮುಚ್ಚಿಕೊಂಡವು. ಒಳಗಿದ್ದವರು ಒಳಗೆ ಉಳಿದರು, ಹೊರಗಿದ್ದವರು ಹೊರಗೆ. ಆಗ ಗಾಳಿ ಬೀಸುತ್ತಿರಲಿಲ್ಲ, ಯಾರೂ ದೂಡಿರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ: ಮರುದಿನ ಪುರಸಭೆಯ ರಚನಾ ಸಮಿತಿಯ ಮುಖ್ಯಸ್ಥರು ನನ್ನೆದುರು ಕುಳಿತು, "ಬೇಸಿಗಿ ಗಾಳಿ ಇರಬಹುದು" ಎಂದರು.

ನಾನು ಊರಿನ ದಿನಪತ್ರಿಕೆಯ ವರದಿಗಾರ. ಬಾಡಿಗೆಗಿರುವ ಕೋಣೆ ಕೆಳಕೇರಿಯ ತುದಿಯಲ್ಲಿದೆ. ಬಾಗಿಲುಗಳು ಮುಚ್ಚಿಕೊಂಡಾಗ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದೆ. ನನ್ನ ಹಿಂದೆ ಬಳೆ ಚೀಲ, ಕೊಡೆ ಹಿಡಿದುಕೊಂಡೇ ನೀರಿಗೆ ಬಂದಿದ್ದ ಮೆಹಬೂಬಿ ಇದ್ದಳು. ಕೇರಿಯಲ್ಲಿ ಬಳೆ ಮಾರುವ ಹೆಂಗಸು, ಮಾತಿನಲ್ಲಿ ಯಾರನ್ನೂ ಬಿಡುವವಳಲ್ಲ.

"ಪೇಪರ್ ಸಾಹೇಬ್ರ, ನಿಮ್ಮ ಬಾಗ್ಲಾನೂ ನಿಮ್ಮನ್ನ ಹೊರಗ ಹಾಕ್ತು ನೋಡ್ರಿ. ಬಾಡಿಗಿ ಕೊಟ್ಟೀರೋ ಇಲ್ಲೋ?" ಎಂದು ನಕ್ಕಳು. ತನ್ನ ಬಾಗಿಲೂ ಮುಚ್ಚಿದೆ ಎಂದು ಕಂಡಾಗ ನಗು ನಿಂತಿತು.

ನಮ್ಮ ಊರಿನಲ್ಲಿ ಪ್ರತಿ ವಸ್ತುವಿಗೂ ಒಬ್ಬ ತಾಯಿ ಇದ್ದಾಳೆ. ಬಡಗಿ ಹಲಗೆ ಜೋಡಿಸಿಕೊಟ್ಟ ಮಾತ್ರಕ್ಕೆ ಅದು ಬಾಗಿಲಾಗುವುದಿಲ್ಲ. ಅದನ್ನು ಹೊತ್ತುಕೊಂಡು ಹೋಗಿ ಪುರಸಭೆಯ ಹೆಬ್ಬಾಗಿಲಿಗೆ ತಾಗಿಸಿ ಹಿಡಿದು, ಮನೆಯವರು ಅದಕ್ಕೆ "ಇವಳು ನಿನ್ನ ತಾಯಿ" ಎಂದು ಹೇಳಬೇಕು. ಅಂದಿನಿಂದ ಅದು ತನಗೆ ಗೊತ್ತಿಲ್ಲದ್ದನ್ನೆಲ್ಲ ತಾಯಿಯನ್ನು ಕೇಳಿ ಮಾಡುತ್ತದೆ. ಯಾರು ಬಂದರೆ ತೆರೆಯಬೇಕು, ಎಷ್ಟು ಪೆಟ್ಟು ತಡೆಯಬೇಕು, ಮಳೆಗೆ ಎಷ್ಟು ಹಿಗ್ಗಬೇಕು, ಎಲ್ಲವನ್ನೂ. ಕಿಟಕಿಗಳು ಬಾಗಿಲಿನ ಮಕ್ಕಳು. ಪೆಟ್ಟಿಗೆ, ಡಬ್ಬಿಗಳ ಮುಚ್ಚಳಗಳು ಕಿಟಕಿಯ ಮಕ್ಕಳು. ಹೀಗೆ ಒಂದರ ಹಿಂದೆ ಒಂದು ಕೇಳುತ್ತ ಹೋಗಿ, ಕೊನೆಗೆ ಉತ್ತರ ಬರುವುದು ಪುರಸಭೆಯ ಹೆಬ್ಬಾಗಿಲಿನಿಂದ.

ಗುಡ್ಡದ ಮೇಲಿನ ಬಡಾವಣೆಯಲ್ಲಿ ವ್ಯವಸ್ಥೆ ಬೇರೆ. ಅಲ್ಲಿಯವರು ರಚನಾ ಸಮಿತಿಯನ್ನು ಮನೆಗೇ ಕರೆಸಿ, ಬಾಗಿಲಿಗೆ ಬೇಕಾದುದನ್ನೆಲ್ಲ ಅಲ್ಲೇ ಕಲಿಸಿಬಿಡುತ್ತಾರೆ. ಕಲಿತ ಬಾಗಿಲು ಯಾರನ್ನೂ ಕೇಳುವುದಿಲ್ಲ. ಸಮಿತಿ ಕೆಳಕೇರಿಗೆ ಬರುವುದಿಲ್ಲ. ಹಾಗಾಗಿ ಇಲ್ಲಿಯವು ಕೇಳುವ ಬಾಗಿಲುಗಳು. ಇದರಿಂದ ನಮಗೆ ನಷ್ಟವೇ ಆಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೋತಿಗಳ ಕಾಟ ಹೆಚ್ಚಿದ ವರ್ಷ ಹೆಬ್ಬಾಗಿಲಿಗೆ ಕೋತಿಯನ್ನು ಗುರುತಿಸಲು ಕಲಿಸಿದರು. ಅದೇ ದಿನ ಕೆಳಕೇರಿಯ ಎಲ್ಲ ಮನೆಗಳೂ ಕೋತಿಗೆ ಮುಚ್ಚಿಕೊಂಡವು. ಗುಡ್ಡದ ಮೇಲೆ ಮನೆ ಮನೆಗೂ ಹೋಗಿ ಕಲಿಸುವಷ್ಟರಲ್ಲಿ ಮಾವಿನ ಕಾಲವೇ ಮುಗಿದಿತ್ತು.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಕಲ್ಲವ್ವ ಆರು ಗಂಟೆಯ ಸುಮಾರಿಗೆ ಬಂದಳು. ಅವಳ ನಾಲ್ಕು ತಿಂಗಳ ಕೂಸು ಮನೆಯೊಳಗಿತ್ತು. ನೋಡಿಕೊಳ್ಳಲು ಇದ್ದವಳು ಅತ್ತೆ ನಾಗವ್ವ ಒಬ್ಬಳೇ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ಕಲ್ಲವ್ವನ ಗಂಡ ಲಾರಿಯ ಜೊತೆ ಹೋಗಿದ್ದವನು ವಾರದ ತನಕ ಬರುವಂತಿರಲಿಲ್ಲ.

"ಕಲ್ಲವ್ವಾ, ಕೂಸು ಎದ್ದೈತಿ. ಲಗೂನ ಬಾಗ್ಲಾ ತೆಗಿ" ಎಂದು ಒಳಗಿನಿಂದ ಮುದುಕಿಯ ದನಿ ಬಂತು.

"ಅತ್ತಿ, ನೀವ ಅಗಳಿ ತೆಗೀರಿ."

"ಅಗಳಿ ಆವಾಗ್ಲೇ ತೆಗದೇನವ್ವ. ಬಾಗ್ಲಾ ಕಲ್ಲ ನಿಂತಂಗ ನಿಂತೈತಿ. ಕಿಟಕೀನೂ ಬರವಲ್ದು."

ಮೆಹಬೂಬಿಯ ಮೈದುನ ಕೊಡಲಿ ತಂದ. ಕಲ್ಲವ್ವನ ಬಾಗಿಲು ಹಣ್ಣಿನ ಪೆಟ್ಟಿಗೆಯ ಹಲಗೆಗಳಿಂದ ಮಾಡಿದ್ದು. ಮಕ್ಕಳು ಒದ್ದರೆ ಬಿರುಕು ಬಿಡುವಂಥದ್ದು. ಆದರೆ ಕೊಡಲಿ ಬಿದ್ದಾಗ ಪೆಟ್ಟು ತಡೆಯಬೇಕೇ ಎಂದು ಬಾಗಿಲು ತಾಯಿಯನ್ನು ಕೇಳಿತು. ತಾಯಿ ತೇಗದ ಹೆಬ್ಬಾಗಿಲು. ಎಂದಿನಂತಿದ್ದರೆ ಅವಳು ಮನೆ ಯಾವುದು, ಹಲಗೆ ಎಂಥದು ಎಂದು ನೋಡಿ ಉತ್ತರಿಸುತ್ತಿದ್ದಳು. ಅಂದು ತನ್ನ ಬಲವನ್ನೇ ಹೇಳಿಬಿಟ್ಟಳು. ಕೊಡಲಿಯ ಬಾಯಿ ಮಡಚಿಕೊಂಡಿತು. ಹಲಗೆಯ ಮೇಲೆ ಗೀರೂ ಬೀಳಲಿಲ್ಲ.

ಗೋಡೆ ಒಡೆಯೋಣ ಎಂದವರನ್ನು ಕೇರಿಯ ಹಿರಿಯರು ತಡೆದರು. ನಮ್ಮವು ಒಂದಕ್ಕೊಂದು ಅಂಟಿಕೊಂಡ ಮಣ್ಣಿನ ಮನೆಗಳು. ಒಂದು ಗೋಡೆ ಕೆಡವಿದರೆ ಮಾಳಿಗೆಯ ತೊಲೆ ಇಳಿಯುವುದು ನೇರವಾಗಿ ತೊಟ್ಟಿಲ ಮೇಲೆ.

ಕೇರಿಯವರು ಗುಂಪಾಗಿ ಪುರಸಭೆಗೆ ಹೋದರು. ನಾನೂ ಹೋದೆ. ಹೆಬ್ಬಾಗಿಲು ಮುಚ್ಚಿತ್ತು. ಪಕ್ಕದ ಫಲಕದಲ್ಲಿ ಕಚೇರಿಯ ವೇಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಭಾನುವಾರ ಮತ್ತು ಎರಡನೇ ಶನಿವಾರ ರಜೆ ಎಂದು ಬರೆದಿತ್ತು. ಮರುದಿನ ಎರಡನೇ ಶನಿವಾರ. ಫಲಕ ಓದಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಬಾಗಿಲುಗಳು ಇನ್ನು ತೆರೆಯುವುದು ಸೋಮವಾರ ಹತ್ತು ಗಂಟೆಗೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಪೊಲೀಸ್ ಠಾಣೆಯ ಬಾಗಿಲು ಕಲಿತ ಬಾಗಿಲು, ತೆರೆದೇ ಇತ್ತು. ಮುಖ್ಯ ಪೇದೆ ನಮ್ಮ ಮಾತು ಪೂರ್ತಿ ಕೇಳಿ, "ಬಾಗ್ಲಾ ಹಾಕ್ಕೊಳ್ಳೂದು ಅಪರಾಧ ಅಲ್ರಿ. ತೆರದಿದ್ರ ಕಳವು ಆಗ್ತದ, ಅವಾಗ ಬರ್ರಿ" ಎಂದ.

ಕಲ್ಲವ್ವ ಪುರಸಭೆಗೂ ಬಂದಿರಲಿಲ್ಲ, ಠಾಣೆಗೂ ಬಂದಿರಲಿಲ್ಲ. ನಾವು ಮರಳಿದಾಗ ಮನೆಯ ಹಿಂದೆ ಬಚ್ಚಲ ತೂಬಿನ ಮುಂದೆ ಕೆಸರಿನಲ್ಲಿ ಕುಳಿತಿದ್ದಳು. ತೂಬು ಬಾಗಿಲಿನ ವಂಶದ್ದಲ್ಲ, ಅದರ ತಾಯಿ ಕಾಲುವೆ. ಹಾಗಾಗಿ ಅದೊಂದು ತೆರೆದಿತ್ತು. ಮನೆ ಕಟ್ಟುವಾಗ ಮಟ್ಟ ನೋಡಲು ಗಾರೆಯವರು ನೀರು ತುಂಬಿ ಹಿಡಿಯುವ ಸಣ್ಣ ಕೊಳವೆಯೊಂದನ್ನು ಮೆಹಬೂಬಿ ಎಲ್ಲಿಂದಲೋ ತಂದು, ಬಿಸಿನೀರಿನಲ್ಲಿ ತೊಳೆದು ತೂಬಿನೊಳಗೆ ತೂರಿಸಿದ್ದಳು. ಕಲ್ಲವ್ವ ಸೆರಗಿನ ಮರೆಯಲ್ಲಿ ಬಟ್ಟಲಿಗೆ ಎದೆಹಾಲು ಹಿಂಡಿ ಕೊಡುತ್ತಿದ್ದಳು, ಮೆಹಬೂಬಿ ಅದನ್ನು ಕೊಳವೆಗೆ ಹೊಯ್ಯುತ್ತಿದ್ದಳು. ಒಳಗೆ ನಾಗವ್ವ ಕೊಳವೆಯ ತುದಿಗೆ ಕೂಸುಗಳಿಗೆ ಹಾಲು ಕುಡಿಸುವ ಒಳಲೆ ಹಿಡಿದು, ತುಂಬಿತೋ ಇಲ್ಲವೋ ಎಂದು ಬೆರಳು ಅದ್ದಿ ನೋಡುತ್ತಿದ್ದಳು.

"ಕುಡೀತೇನ್ರಿ ಅತ್ತಿ?"

"ಎರಡು ಗುಟುಕು ತಗೊಂಡು ಉಗುಳ್ತು. ಒಳಲಿ ರೂಢಿ ಇಲ್ಲಲ್ಲ ಅದಕ್ಕ. ಮೂಗಿಗೆ ಹೋದೀತೂಂತ ನನಗ ಅಂಜಿಕಿ. ಕಾಣೂದಿಲ್ಲವ್ವ ನನಗ."

ಬೇಸಿಗೆ. ಕಿಟಕಿಗಳೂ ಮುಚ್ಚಿದ ಮಣ್ಣಿನ ಮನೆ. ರಾತ್ರಿಯೆಲ್ಲ ಆ ಕೂಸಿನ ಅಳು ಕೇರಿಗೆ ಕೇಳಿಸಿತು. ಬೆಳಗಾಗುವ ಹೊತ್ತಿಗೆ ಅಳು ಸಣ್ಣದಾಯಿತು. ಅಳುವಾಗ ಇದ್ದ ಧೈರ್ಯ ಅಳು ಸಣ್ಣದಾದಾಗ ಯಾರಿಗೂ ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಗುಡ್ಡದ ಮೇಲೆ ಹೋಗಿ ರಚನಾ ಸಮಿತಿಯ ಮುಖ್ಯಸ್ಥ ಪ್ರಾಣೇಶ ಕುಲಗೋಡ ಅವರ ಮನೆಯ ಮುಂದೆ ನಿಂತೆ. ಅವರ ಬಾಗಿಲು ನನ್ನನ್ನು ನೋಡಿ ಸರಾಗವಾಗಿ ತೆರೆಯಿತು. ಅವರು ಅವಲಕ್ಕಿ ತಿನ್ನುತ್ತಿದ್ದರು. ಎದುರಿನ ಕುರ್ಚಿಯಲ್ಲಿ ಸಮಿತಿಯ ಕಿರಿಯ ಸದಸ್ಯೆ ವಿಮಲಾ ಹಂದಿಗೋಳ ಕುಳಿತಿದ್ದರು. ಅವರ ಮುಂದಿನ ತಟ್ಟೆ ಮುಟ್ಟಿದಂತಿರಲಿಲ್ಲ.

ಗಾಳಿಯ ಮಾತು ಮುಗಿದ ಮೇಲೆ, ನಿನ್ನೆ ಹಗಲು ಸಮಿತಿ ಏನನ್ನಾದರೂ ಬದಲಿಸಿತೇ ಎಂದು ಕೇಳಿದೆ.

"ನಾವು ಬದಲಿಸಿದ್ದು ಒಂದೇ ಒಂದು ಬಾಗಿಲು" ಎಂದರು ಕುಲಗೋಡ. "ಅದೂ ಪುರಸಭೆಯ ಸ್ವಂತ ಬಾಗಿಲು. ಕೆಳಕೇರಿಯ ಒಂದು ಬಾಗಿಲಿಗೂ ನಾವು ಕೈ ಹಚ್ಚಿಲ್ಲ. ಬರಕೊಳ್ರಿ."

"ಅದರಲ್ಲಿ ಏನನ್ನು ಬದಲಿಸಿದಿರಿ?"

"ಒಂದು ಪ್ರಶ್ನೆ ಕಡಿಮೆ ಮಾಡಿದ್ವಿ. ಯಾವ ಬಾಗಿಲು ಏನು ಕೇಳಿದರೂ ಹೆಬ್ಬಾಗಿಲು ಮೊದಲು 'ಯಾವ ಮನೆ?' ಅಂತ ಕೇಳ್ತಿತ್ತು. ಆಮೇಲೆ ಆ ಮನೆಗೆ ತಕ್ಕ ಉತ್ತರ ಕೊಡ್ತಿತ್ತು. ಇಡೀ ಊರಿನ ಕೆಳಗಿನ ಅರ್ಧ ಅದನ್ನ ದಿನವಿಡೀ ಕೇಳ್ತದ. ಅದರ ಗದ್ದಲದಾಗ ಮೊನ್ನೆ ಅಧ್ಯಕ್ಷರು ಬಂದಾಗ ಬಾಗಿಲು ತೆರೀಲಿಕ್ಕೆ ತಡ ಆತು. ಅವರು ಮೆಟ್ಟಿಲ ಮೇಲೆ ನಿಲ್ಲಬೇಕಾತು, ಬಿಸಿಲಾಗ."

ನಾನು ಬರೆದುಕೊಂಡೆ.

"ಪ್ರಶ್ನೆ ತೆಗೆದರೆ ಅದು ತನಗೆ ತಕ್ಕ ಉತ್ತರವನ್ನೇ ಎಲ್ಲರಿಗೂ ಕೊಡುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೇ?"

"ನೋಡ್ರಿ, ಪುರಸಭೆಯ ವೇಳೆ ಶಿಸ್ತಿನ ವೇಳೆ. ಸಂಜೆ ಐದೂವರೆಗೆ ಮನೆ ಸೇರೋದು ಆರೋಗ್ಯಕ್ಕೂ ಒಳ್ಳೇದು. ಬ್ಯಾರೆ ವೇಳೆ ಬೇಕಾದವರು ತಮ್ಮ ಬಾಗಿಲಿಗೆ ಕಲಿಸಿಕೊಳ್ಳಲಿ. ಬೇಡ ಅಂದವರು ಯಾರು?"

"ಎಲ್ಲಿ ಅರ್ಜಿ ಕೊಡಬೇಕು?"

"ಪುರಸಭೆಯಲ್ಲಿ."

"ಯಾವಾಗ?"

"ಸೋಮವಾರ."

"ಒಳಗೆ ನಾಲ್ಕು ತಿಂಗಳ ಕೂಸಿದೆ. ಈಗಲೇ ಬಂದು ಆ ಪ್ರಶ್ನೆಯನ್ನು ಹೆಬ್ಬಾಗಿಲಿಗೆ ಮರಳಿ ಕಲಿಸಿ."

"ಮುಚ್ಚಿದ ಬಾಗಿಲಿಗೆ ಏನೂ ಕಲಿಸಲಿಕ್ಕೆ ಬರೋದಿಲ್ಲ. ಅದು ತೆರೆದಿರಬೇಕು. ಇದು ನನ್ನ ನಿಯಮ ಅಲ್ಲ, ಬಾಗಿಲಿನದು." ಅವರು ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿಕೊಂಡರು. "ತಾಯಿಯಾದವಳು ಮನೆಯಾಗಿರಬೇಕಿತ್ತು. ಅದನ್ನ ಬರೀರಿ ನಿಮ್ಮ ಪೇಪರಿನಾಗ."

ಇದನ್ನೂ ಬರೆದುಕೊಂಡೆ. ಒಂದು ಅಕ್ಷರ ಹೆಚ್ಚಿಸಿಲ್ಲ, ಕಡಿಮೆ ಮಾಡಿಲ್ಲ.

ಮೆಟ್ಟಿಲಿಳಿಯುವಾಗ ಹಿಂದೆ ಚಪ್ಪಲಿಯ ಸದ್ದಾಯಿತು. ವಿಮಲಾ ಹಂದಿಗೋಳ ಓಡಿ ಬಂದರು. ಸಭೆಯಲ್ಲಿ ತಾವು ಆ ಪ್ರಶ್ನೆ ತೆಗೆಯಬಾರದೆಂದು ಹೇಳಿದ್ದಾಗಿಯೂ, ನಾಲ್ವರು ಒಂದು ಕಡೆಯಾಗಿ ತಾವೊಬ್ಬರೇ ಉಳಿದಿದ್ದಾಗಿಯೂ ತಿಳಿಸಿದರು. ಆಮೇಲೆ ದನಿ ತಗ್ಗಿಸಿದರು.

"ಸರ್, ಹೆಬ್ಬಾಗಿಲಿಗೆ ಈಗ ಕಲಿಸಲಿಕ್ಕೆ ಬರೂದಿಲ್ಲ, ಅದು ಖರೇ. ಆದರ ಆಕಿನ್ನ ಕೇಳೂದನ್ನ ಬಿಡಿಸಬಹುದು. ಆ ಕೂಸಿನ ಮನಿ ಬಾಗಿಲಿಗೆ ಬ್ಯಾರೆ ತಾಯಿನ್ನ ತೋರಿಸಿದರಾತು."

"ಅದು ಆಗುತ್ತದೆಯೇ?"

"ಆಗ್ತದ. ಸಮಿತಿಯೊಳಗ ಎಲ್ಲಾರಿಗೂ ಗೊತ್ತು. ಹೊರಗ ಹೇಳಬಾರದು ಅಂತ ಠರಾವು ಮಾಡ್ಯಾರ."

ನಾನು ಹುಟ್ಟಿದ ಊರು ಇದು. ಬಾಗಿಲನ್ನು ತಾಯಿಯ ಹತ್ತಿರ ಹೊತ್ತೊಯ್ಯುವುದನ್ನು ನೋಡುತ್ತಲೇ ಬೆಳೆದವನು. ತಾಯಿಯನ್ನು ಬಾಗಿಲ ಹತ್ತಿರ ತರಬಹುದೆಂದು ನನಗಾಗಲಿ ಕೇರಿಯ ಯಾರಿಗಾಗಲಿ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯದಂತೆ ನೋಡಿಕೊಂಡವರು ಗುಡ್ಡದ ಮೇಲೆ ಅವಲಕ್ಕಿ ತಿನ್ನುತ್ತಿದ್ದರು.

ನಾವು ಕೇರಿಗೆ ಬಂದಾಗ ಬಿಸಿಲು ಏರಿತ್ತು. ಒಳಗಿನಿಂದ ಅಳು ಕೇಳಿಸುತ್ತಿರಲಿಲ್ಲ. "ಉಸಿರಾಡ್ತೈತಿ, ಆದರ ಕಣ್ಣ ತೆಗೀವಲ್ದು" ಎಂದು ನಾಗವ್ವ ತೂಬಿನಿಂದ ಹೇಳುತ್ತಿದ್ದಳು. ಕಲ್ಲವ್ವ ತೂಬಿನ ಮುಂದೆಯೇ ಕುಳಿತಿದ್ದಳು. ವಿಮಲಾ ಹೇಳಿದ್ದನ್ನು ಕೇಳಿ ಎದ್ದು ನಿಂತವಳೇ, "ಯಾರನ್ನ ತೋರಿಸ್ಲಿ?" ಎಂದಳು.

ತೊಡಕಿದ್ದುದು ಅಲ್ಲಿಯೇ. ಕೇರಿಯ ಬಾಗಿಲು, ಕಿಟಕಿ, ಮುಚ್ಚಳಗಳೆಲ್ಲ ಅದೇ ಹೆಬ್ಬಾಗಿಲಿನ ಮಕ್ಕಳು, ಮೊಮ್ಮಕ್ಕಳು. ಅವನ್ನು ತೋರಿಸಿದರೆ ಪ್ರಶ್ನೆ ಸುತ್ತಿ ಮತ್ತೆ ಪುರಸಭೆಗೇ ಹೋಗುತ್ತದೆ. ತೆರೆಯಲು ಗೊತ್ತಿರುವ, ಬಾಗಿಲಿನ ವಂಶಕ್ಕೆ ಸೇರದ ವಸ್ತು ಬೇಕು. ಮೆಹಬೂಬಿ ತನ್ನ ಕೊಡೆ ತೋರಿಸಿದಳು.

"ಬ್ಯಾಡ್ರಿ ಅಕ್ಕಾರ, ಮಳಿ ಬಂದಾಗಷ್ಟ ತೆರೀತದ ಬಾಗ್ಲಾ" ಎಂದರು ವಿಮಲಾ.

"ಹಂಗಾದ್ರ ಕುಲಗೋಡ ಸಾಹೇಬ್ರ ಬಾಯಿ ತರೋಣೇನು? ಯಾವಾಗ್ಲೂ ತೆರದ ಇರ್ತದ" ಎಂದಳು ಮೆಹಬೂಬಿ. ನಗಲು ಯಾರಿಗೂ ಆಗಲಿಲ್ಲ. ಅವಳೂ ಕಣ್ಣೊರೆಸಿಕೊಂಡಳು. ಆಮೇಲೆ ಮನೆಗಳ ಹಿಂದೆ ಹೆಂಗಸರು ಮೀಯುವ ಮರೆಗೆ ಕಟ್ಟಿದ್ದ ಗೋಣಿಪರದೆಯ ಕಡೆ ಅವಳ ಕಣ್ಣು ಹೋಯಿತು. "ಇದು ಯಾರಿಗೂ ಇಲ್ಲ ಅನ್ನೂದಿಲ್ಲಲ್ಲ?"

ವಿಮಲಾ ಪರದೆಯನ್ನು ಮುಟ್ಟಿ ನೋಡಿದರು. "ಇದರ ವಂಶ ನೂಲಿನದು. ಆಗ್ತದ. ಆದರ ಕಲ್ಲವ್ವ, ಮೊದಲ ಹೇಳಿಬಿಡ್ತೀನಿ. ನಿನ್ನ ಬಾಗ್ಲಾ ಇನ್ನ ಮ್ಯಾಲೆ ಎಲ್ಲಾದಕ್ಕೂ ಇದನ್ನ ಕೇಳ್ತದ. ಗೋಣಿಗೆ ಬೀಗ ಗೊತ್ತಿಲ್ಲ. ಗಾಳಿ ಬಂದ್ರ ಹಾರ್ತದ. ನಾಯಿ ಬಂದ್ರೂ ಬಿಡ್ತದ, ಕಳ್ಳ ಬಂದ್ರೂ ಬಿಡ್ತದ."

"ಬೀಗಾ ತಗೊಂಡು ಏನ್ ಮಾಡ್ಲೆವ್ವ?" ಎಂದಳು ಕಲ್ಲವ್ವ. "ಒಳಗ ಇರೂದನ್ನ ನನಗ ಕೊಡು."

ಪರದೆಯನ್ನು ಬಿಚ್ಚಿ ತಂದು ಬಾಗಿಲಿಗೆ ಒತ್ತಿ ಹಿಡಿದೆವು. ಕಲ್ಲವ್ವ ಅಂಗೈ ಊರಿ, "ಆಕಿ ಅಲ್ಲ. ಇಕಿ ನಿನ್ನ ತಾಯಿ" ಎಂದಳು.

ಹಲಗೆಗಳು ಮೊದಲು ನಡುಗಿದವು. ಆಮೇಲೆ ನಡುವಿನಲ್ಲಿ ಸಣ್ಣದೊಂದು ಅಲೆ ಎದ್ದು ಕೆಳಗಿಳಿಯಿತು. ಮರದ ಹಲಗೆ ಮರದಂತೆಯೇ ಕಾಣುತ್ತಿತ್ತು, ಆದರೆ ಜೋತು ಬಿದ್ದಿತ್ತು. ಕಲ್ಲವ್ವ ಅದನ್ನು ಒಂದು ಕೈಯಲ್ಲಿ ಸರಿಸಿ ಒಳಗೆ ಹೋದಳು. ಒಳಗಿನ ಬಿಸಿಗಾಳಿ ನಮ್ಮ ಮುಖಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಮೆಹಬೂಬಿ ನನ್ನ ತೋಳು ಹಿಡಿದುಕೊಂಡಿದ್ದಳು, ಅವಳ ಬಳೆಗಳ ಗುರುತು ಭಾನುವಾರದವರೆಗೂ ಇತ್ತು. ಆಮೇಲೆ ಕೂಸು ಕೆಮ್ಮಿತು, ಅತ್ತಿತು, ಮತ್ತೆ ಸದ್ದಿಲ್ಲವಾಯಿತು.

"ಹಿಡೀತು ಯವ್ವಾ, ಎದಿ ಹಿಡೀತು" ಎಂದು ನಾಗವ್ವ ಒಳಗಿನಿಂದ ಕೂಗಿ ಹೇಳಿದಳು.

ಮೆಹಬೂಬಿ ಬಳೆ ಚೀಲದಿಂದ ಕತ್ತರಿ ತೆಗೆದಳು. ಪರದೆಯನ್ನು ತುಂಡು ಮಾಡಿ ಮನೆಗೊಂದು ಹಂಚುವುದು ಅವಳ ವಿಚಾರ. ಕತ್ತರಿ ಅಂಚಿಗೆ ತಾಗಿದ್ದೇ ತಡ, ಕಲ್ಲವ್ವನ ಬಾಗಿಲಿನ ಅಂಚು ಪರ್ರೆಂದು ಹರಿಯಿತು.

"ನಿಲ್ಲಸ್ರಿ!" ಎಂದು ವಿಮಲಾ ಅವಳ ಕೈ ಹಿಡಿದರು. "ಅದು ಈಗ ಒಂದು ಮನಿಯ ತಾಯಿ. ಅದಕ್ಕ ಏನಾದ್ರೂ ಬಾಗ್ಲಾಕ್ಕೂ ಅದ ಆಗ್ತದ."

"ಹಂಗಾದ್ರ ಎಲ್ಲಾ ಬಾಗ್ಲಾನೂ ಈ ಒಂದಕ್ಕ ಒಪ್ಪಿಸೋಣು" ಎಂದ ಅವಳ ಮೈದುನ.

"ಮತ್ತ ಒಂದಕ್ಕ?" ಎಂದಳು ಮೆಹಬೂಬಿ. "ನಿನ್ನಿಂದ ಅನುಭವಿಸಿದ್ದು ಸಾಲಲಿಲ್ಲೇನೋ ನಿನಗ? ಒಬ್ಬ ಈ ಪರದೀಗೆ ಬೀಡಿ ತಾಗಿಸಿದ್ರ ಇಡೀ ಕೇರಿ ಉರೀತದ. ಮನಿಗೊಂದು ಗೋಣಿ ತಗೀರಿ. ಅವರವರ ಬಾಗ್ಲಾ ಅವರವರ ಗೋಣೀನ ಕೇಳ್ಲಿ."

"ಆದರ ನಾಳೆ ಗೋಣಿ ಕೆಟ್ರ ಮನಿ ಮನೀಗೂ ಹೋಗಿ ರಿಪೇರಿ ಮಾಡಬೇಕಾಗ್ತದ ಅಕ್ಕಾರ" ಎಂದರು ವಿಮಲಾ.

"ಮಾಡ್ತೀವಿ. ನಮ್ಮ ಮನಿ ನಮಗ ಗೊತ್ತೈತಿ."

ಮಂಡಕ್ಕಿ ಭಟ್ಟಿಗಳಿರುವ ಕೇರಿಯಲ್ಲಿ ಗೋಣಿಗೆ ಬರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಗಳೂ ತೆರೆದವು, ನನ್ನ ಕೋಣೆಯೂ ತೆರೆಯಿತು. ಸಂಜೆ ಗಾಳಿ ಬಂದಾಗ ಕೆಳಕೇರಿಯ ಬಾಗಿಲುಗಳೆಲ್ಲ ಒಟ್ಟಿಗೆ ಒಳಕ್ಕೆ ಹೊರಕ್ಕೆ ಆಡಿದವು. ಕಲ್ಲವ್ವನ ಪರದೆಯನ್ನು ಯಾರಿಗೂ ಕೈಗೆ ಎಟುಕದಂತೆ ಅವಳ ಮನೆಯ ತೊಲೆಗೆ ಮಡಿಚಿ ಕಟ್ಟಿದರು. ಹರಿದ ಅಂಚನ್ನು ನಾಗವ್ವ ತಡವಿ ನೋಡಿ ದಬ್ಬಣದಿಂದ ಹೊಲಿದಳು. ಆಕೆ ಹೊಲಿದಂತೆ ಬಾಗಿಲಿನ ಸೀಳೂ ಕೂಡಿಕೊಂಡಿತು.

ನಾನು ಬರೆದ ವರದಿ ಭಾನುವಾರದ ಪತ್ರಿಕೆಯಲ್ಲಿ ಬಂತು. ಕುಲಗೋಡ ಅವರ ಮಾತುಗಳನ್ನು ಅವರು ಆಡಿದಂತೆಯೇ ಹಾಕಿದ್ದೆ, ಅವಲಕ್ಕಿಯನ್ನು ಮಾತ್ರ ಸಂಪಾದಕರು ತೆಗೆದರು. ಸೋಮವಾರ ಹತ್ತು ಗಂಟೆಗೆ ಹೆಬ್ಬಾಗಿಲು ತೆರೆಯಿತು. "ಯಾವ ಮನೆ?" ಎಂಬ ಪ್ರಶ್ನೆಯನ್ನು ಅದಕ್ಕೆ ಮರಳಿ ಕಲಿಸಿದ ಸಮಿತಿ, ಸೇವೆಯಲ್ಲಿ ಸಣ್ಣ ಸುಧಾರಣೆ ಮಾಡಲಾಗಿದೆ ಎಂದು ಪ್ರಕಟಣೆ ಕೊಟ್ಟಿತು. ಕೂಸಿನ ಬಗ್ಗೆ ಪ್ರಕಟಣೆಯಲ್ಲಿ ಒಂದು ಮಾತೂ ಇಲ್ಲ. ಅದೇ ದಿನ ಸಮಿತಿ ಇನ್ನೆರಡು ಆದೇಶ ಹೊರಡಿಸಿತು. ಒಂದು, ಗುಟ್ಟು ಬಯಲು ಮಾಡಿದ್ದಕ್ಕೆ ವಿಮಲಾ ಹಂದಿಗೋಳ ಅವರ ಅಮಾನತು. ಇನ್ನೊಂದು, ಅನುಮತಿಯಿಲ್ಲದೆ ಎಲ್ಲರಿಗಿಂತ ಮೊದಲು ಬಾಗಿಲಿನ ತಾಯಿಯನ್ನು ಬದಲಿಸಿದ್ದಕ್ಕೆ ಕಲ್ಲವ್ವನಿಗೆ ನೋಟಿಸ್. ಬಾಗಿಲನ್ನು ಹೆಬ್ಬಾಗಿಲಿಗೆ ಮತ್ತೆ ಒಪ್ಪಿಸದಿದ್ದರೆ ಅವಳ ಮನೆಯನ್ನು ಮನೆಯೆಂದು ಪರಿಗಣಿಸುವುದಿಲ್ಲ ಎಂದು ಅದರಲ್ಲಿ ಬರೆದಿತ್ತು.

ನೋಟಿಸ್ ತಂದ ಜವಾನ ಊರಿನ ಇನ್ನೊಂದು ತುದಿಯ ಚಮ್ಮಾರಗಟ್ಟಿಯವನು. ಅಲ್ಲಿಯವೂ ಕೇಳುವ ಬಾಗಿಲುಗಳೇ. ಸೋಮವಾರ ಬೆಳಿಗ್ಗೆಯವರೆಗೂ ಅವನು ಮನೆಯ ಹೊರಗೆ, ಅವನ ಹೆಂಡತಿ ಮಕ್ಕಳು ಒಳಗೆ. ಕಲ್ಲವ್ವ ನೋಟಿಸ್ ತೆಗೆದುಕೊಳ್ಳಲಿಲ್ಲ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಕೈ ಜಿಡ್ಡಾಗಿದೆ ಎಂದಳು. ಅವನು ಅದನ್ನು ಬಾಗಿಲಿಗೆ ಅಂಟಿಸಲು ನೋಡಿದ. ಗೋಂದು ಹಚ್ಚಿ ಒತ್ತಿದ ಕಡೆಯೆಲ್ಲ ಬಾಗಿಲು ಒಳಕ್ಕೆ ಸರಿಯಿತು. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ನೋಟಿಸನ್ನು ಮಡಿಚಿ ಜೇಬಿಗೆ ಹಾಕಿಕೊಂಡ.

ಹೋಗುವ ಮುನ್ನ ಅವನು ಮೆಹಬೂಬಿಯ ಹತ್ತಿರ ಒಂದು ಖಾಲಿ ಗೋಣಿಚೀಲ ಕೇಳಿ ತೆಗೆದುಕೊಂಡು ಹೋದ.